ಪರವಾಗಿಲ್ಲ ಎಂದವರ ಲೆಕ್ಕ



ತಮಿಳುನಾಡಿನಲ್ಲಿ ಗ್ರಾಮಸಭೆ ಮೊದಲು ವರ್ಷಕ್ಕೆ ನಾಲ್ಕು ಸಲ ಕೂಡುತ್ತಿತ್ತು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2. ಈಚೆಗೆ ಮಾರ್ಚ್ 22 ಮತ್ತು ನವೆಂಬರ್ 1 ಸೇರಿಕೊಂಡು ಆರಾಗಿವೆ. ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ, ತಾಳಮಲೆಯ ಆಸುಪಾಸಿನಲ್ಲಿ, ಇಂಥ ಸಭೆಗೆ ನಾಲ್ಕು ಜನ ಕೂತರೆ ಮಾತು ನಡೆಯುವುದು ಹೆಚ್ಚಾಗಿ ಕನ್ನಡದಲ್ಲೇ. ಹೊಲ ಕಾಯಲು ಹಾಕುವ ಬೇಲಿಯೊಂದನ್ನು ತೋರಿಸಿ ‘ಈ ಬೇಲಿ ಹೆಂಗದ?’ ಎಂದು ಕೇಳಿ ನೋಡಿ. ಒಬ್ಬರು ‘ಬಾಳ ಚೆನ್ನಾಗದ ಕನಾ’ ಎನ್ನುತ್ತಾರೆ. ಇನ್ನೊಬ್ಬರು ‘ಪರವಾಗಿಲ್ಲ’ ಎನ್ನುತ್ತಾರೆ. ಕಂಬಕ್ಕೊರಗಿ ಕೂತವರು ‘ಅಷ್ಟಕ್ಕಷ್ಟೆ ಬುಡಪ್ಪ’ ಎಂದು ಟವಲು ಕೊಡವಿಕೊಳ್ಳುತ್ತಾರೆ. ಹತ್ತಕ್ಕೆ ಏಳೂವರೆ ಎಂದು ಯಾರೂ ಹೇಳುವುದಿಲ್ಲ. ಆದರೂ ಸಭೆ ಮುಗಿಯುವ ಹೊತ್ತಿಗೆ ಒಂದು ಪಟ್ಟಿ ಬೇಕು. ಮೊದಲು ಯಾವುದು, ಆಮೇಲೆ ಯಾವುದು, ಕೊನೆಗೆ ಯಾವುದು. ದುಡ್ಡು ಬರುವುದು ಪಟ್ಟಿಯ ಮೇಲಿನ ಕೆಲಸಕ್ಕೆ.

ಈ ಮಾತುಗಳು ಪಟ್ಟಿಯಾಗುವುದು ಹೇಗೆ? ಗಣಿತದಲ್ಲಿ ಇದಕ್ಕೆಂದೇ ಒಂದು ಶಾಖೆ ಬೆಳೆದು ನಿಂತಿದೆ. ಗುಂಪಿನ ತೀರ್ಮಾನ, ಹಲವು ಆಯ್ಕೆಗಳು, ಅಳತೆಯಿಲ್ಲದ ಮಾತಿನ ಮೌಲ್ಯಮಾಪನ, ಇವೆಲ್ಲ ಸೇರಿದ ಸಾವಿರಾರು ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಬಹುಪಾಲು ಮುಂದಿಡುವ ಉದಾಹರಣೆ ಕಂಪನಿಯೊಂದು ಸರಕು ಪೂರೈಸುವವರನ್ನು ಆರಿಸುವುದು, ಇಲ್ಲವೆ ಕಾರ್ಖಾನೆಗೆ ಜಾಗ ಹುಡುಕುವುದು. ನನಗೆ ತಾಳಮಲೆಯ ಬೇಲಿಯೇ ಇದಕ್ಕೆ ಹೆಚ್ಚು ತಕ್ಕ ಉದಾಹರಣೆ ಅನ್ನಿಸುತ್ತದೆ. ಯಾಕೆಂದರೆ ಇಲ್ಲಿ ತಪ್ಪು ಪಟ್ಟಿ ಮಾಡಿದರೆ ರಾತ್ರಿ ಹೊಲಕ್ಕೆ ಬರುವುದು ಆನೆ.

ಬಣ್ಣಾರಿ ಅಮ್ಮನ ಗುಡಿ ದಾಟಿ 27 ತಿರುವಿನ ದಿಂಬಂ ಘಾಟಿ ಹತ್ತಿದರೆ ಮೇಲೆ ರಸ್ತೆ ಒಡೆಯುತ್ತದೆ. ಹೆದ್ದಾರಿ ಹಾಸನೂರಿನ ಕಡೆಯಿಂದ ಚಾಮರಾಜನಗರಕ್ಕೆ ಹೋಗುತ್ತದೆ. ಇನ್ನೊಂದು ದಾರಿ ಕಾಡಿನೊಳಗೆ ತಾಳಮಲೆಯ ಮೇಲೆ ಹಾದು ತಾಳವಾಡಿಗೆ ಇಳಿಯುತ್ತದೆ. ಜಿಲ್ಲಾ ಕೇಂದ್ರ ಈರೋಡು ಇಲ್ಲಿಂದ ನೂರು ಕಿಲೋಮೀಟರಿಗೂ ದೂರ, ಚಾಮರಾಜನಗರ ಪಕ್ಕದ ಮನೆ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಬಂತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ರಾಜಕುಮಾರ್ ಹುಟ್ಟಿದ ಗಾಜನೂರು, ಗೊರೆ ಹಬ್ಬದ ಗುಮಟಾಪುರ, ಎಲ್ಲವೂ ಇದೇ ಸೀಮೆ. ಸೋಲಿಗರ ಹಾಡಿಗಳು, ಇರುಳರ ಹಾಡಿಗಳು, ಲಿಂಗಾಯತರ ಊರುಗಳು, ನಡುವೆ ಕೋಸು, ಟೊಮೆಟೊ, ಆಲೂಗೆಡ್ಡೆ, ಬಾಳೆ, ರಾಗಿ. ಸುತ್ತ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಸುಮಾರು 1,400 ಚದರ ಕಿಲೋಮೀಟರ್ ಕಾಡು. ಅದು ಒಂದು ಕಡೆ ಬಿಳಿಗಿರಿರಂಗನ ಬೆಟ್ಟಕ್ಕೆ, ಇನ್ನೊಂದು ಕಡೆ ಬಂಡೀಪುರ, ಮುದುಮಲೆಯ ಕಾಡಿಗೆ ಸೇರಿಕೊಂಡಿದೆ. ಆನೆ ಓಡಾಡುವುದು ಈ ಇಡೀ ನಾಡಿನ ತುಂಬ.

ಕರುಪ್ಪನ್ ಎಂದು ಹೆಸರಿಟ್ಟಿದ್ದ ಕಾಡಾನೆಯ ಸುದ್ದಿ ನಿಮಗೆ ನೆನಪಿರಬಹುದು. ತಾಳವಾಡಿಯ ಸುತ್ತ ಹೊಲ ತುಳಿದು, ಜನರ ಪ್ರಾಣವನ್ನೂ ತೆಗೆದಿದ್ದ ಅದನ್ನು ಸಾಕಾನೆಗಳನ್ನು ತರಿಸಿ ಹಿಡಿಯಲು ಹೋಗಿ, ಕೈತಪ್ಪಿ, ಮತ್ತೆ ಹೋಗಿ, ಕೊನೆಗೆ 2023ರ ಏಪ್ರಿಲ್‌ನಲ್ಲಿ ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಒಂದು ಆನೆಯನ್ನು ಹಿಡಿಯಬಹುದು. ದಾರಿ ಹಿಡಿದು ಬರುವ ಮಿಕ್ಕವಕ್ಕೆ ಬೇಲಿಯೋ ಕಂದಕವೋ ಬೇಕೇ ಬೇಕು.

ಆಯ್ಕೆಗಳು ಹೀಗಿವೆ. ಆನೆ ಕಂದಕ ತೋಡುವುದು ಒಂದು. ಸುಮಾರು ಮೂರು ಮೀಟರ್ ಅಗಲ, ಅಷ್ಟೇ ಆಳ. ಹೊಸದಾಗಿ ತೋಡಿದಾಗ ಆನೆ ದಾಟುವುದಿಲ್ಲ. ಎರಡು ಮಳೆಗಾಲ ಕಳೆದರೆ ದಡ ಕುಸಿದು ಹೂಳು ತುಂಬುತ್ತದೆ, ಆನೆಯೂ ಕಾಲಿಂದ ಒದ್ದು ದಡವನ್ನು ಇಳಿಜಾರು ಮಾಡಿಕೊಳ್ಳುತ್ತದೆ. ಬಂಡೆ ಸಿಕ್ಕಿದ ಕಡೆ ತೋಡಲು ಆಗದೆ ಬಿಟ್ಟ ಜಾಗವೇ ಅದರ ಬಾಗಿಲು. ದನ ಬಿದ್ದರೆ ಮೇಲೆತ್ತುವುದು ಊರಿಗೆಲ್ಲ ಕೆಲಸ. ಎರಡನೆಯದು ಸೋಲಾರ್ ಬೇಲಿ. ಕಂದಕಕ್ಕಿಂತ ಖರ್ಚು ಕಮ್ಮಿ, ಬೇಗ ಹಾಕಬಹುದು. ಆದರೆ ತಂತಿಗೆ ಗಿಡ ಬಳ್ಳಿ ತಾಗಿದರೆ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ, ಬ್ಯಾಟರಿ ನೋಡಿಕೊಳ್ಳುವವರು ಬೇಕು. ದಂತದಲ್ಲಿ ಕರೆಂಟು ಹರಿಯುವುದಿಲ್ಲ ಎಂಬುದನ್ನು ಸಲಗಗಳು ಪಾಠ ಓದದೆಯೇ ಕಂಡುಕೊಂಡಿವೆ, ಕಂಬವನ್ನೇ ಉರುಳಿಸುತ್ತವೆ. ಮೂರನೆಯದು ಮೇಲಿನಿಂದ ತಂತಿಗಳನ್ನು ಜೋತುಬಿಟ್ಟ ತೂಗುಬೇಲಿ, ಸೋಲಾರ್ ಬೇಲಿಯ ಈಚಿನ ತಮ್ಮ. ನಾಲ್ಕನೆಯದು ಬಂಡೀಪುರ, ನಾಗರಹೊಳೆ ಕಡೆ ಹಾಕಿರುವ ಹಳೆಯ ರೈಲು ಕಂಬಿಯ ತಡೆ. ಗಟ್ಟಿ, ಆದರೆ ದುಬಾರಿ. ಇನ್ನು ಅಟ್ಟಣೆ ಕಟ್ಟಿ ಸರದಿಯಲ್ಲಿ ಕಾಯುವುದು, ಆನೆ ಮುಟ್ಟದ ಬೆಳೆ ಇಡುವುದು, 2021ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಕೊಡಗಿನಲ್ಲಿ ಶುರುಮಾಡಿದ ಜೇನುಪೆಟ್ಟಿಗೆಯ ಬೇಲಿ.

ಇವನ್ನು ಒಂದರ ಕೆಳಗೊಂದು ನಿಲ್ಲಿಸಬೇಕು. ಅಧಿಕಾರಿಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಬಲು ಸುಲಭ. ಐದು ಮಾತುಗಳನ್ನು ಇಟ್ಟುಕೊಳ್ಳುತ್ತಾರೆ. ‘ಬ್ಯಾಡ ಬುಡಿ’, ‘ಅಷ್ಟಕ್ಕಷ್ಟೆ’, ‘ಪರವಾಗಿಲ್ಲ’, ‘ಚೆನ್ನಾಗದ’, ‘ಬಾಳ ಚೆನ್ನಾಗದ’. ಒಂದೊಂದಕ್ಕೂ 2, 4, 6, 8, 10 ಎಂದು ಅಂಕ. ಕೂಡಿಸು, ದೊಡ್ಡ ಮೊತ್ತ ಬಂದದ್ದು ಮೇಲೆ. ನನ್ನ ತಕರಾರು ಇರುವುದು ಇಲ್ಲಿಯೇ. ‘ಚೆನ್ನಾಗದ’ ಎಂಬುದು ‘ಪರವಾಗಿಲ್ಲ’ಕ್ಕಿಂತ ಮೇಲು ಎಂಬುದನ್ನು ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಎಷ್ಟು ಮೇಲು ಎಂಬುದನ್ನು ಯಾರೂ ಹೇಳಲಿಲ್ಲ. ಆ ‘ಎಷ್ಟು’ ಎಂಬುದನ್ನು ಮೇಜಿನ ಹಿಂದೆ ಕೂತವರು ತಮ್ಮ ಕಡೆಯಿಂದ ಸೇರಿಸಿದರು. ಕೊನೆಯ ಪಟ್ಟಿಯನ್ನು ಕಟ್ಟುವುದು ಎಷ್ಟೋ ಸಲ ಈ ಸೇರಿಸಿದ ಅಂತರವೇ.

ಒಂದು ಊಹೆಯ ಸಭೆಯನ್ನು ಕಟ್ಟಿಕೊಳ್ಳೋಣ. ಏಳು ಮನೆಯವರು, ಎರಡೇ ಆಯ್ಕೆ, ಕಂದಕ ಮತ್ತು ಸೋಲಾರ್ ಬೇಲಿ. ರೇಡಿಯೋ ಪಕ್ಕ ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ. ಕಂದಕವನ್ನು ಮೂವರು ‘ಬಾಳ ಚೆನ್ನಾಗದ’ ಎಂದರು, ನಾಲ್ವರು ‘ಅಷ್ಟಕ್ಕಷ್ಟೆ’ ಎಂದರು. ಸೋಲಾರ್ ಬೇಲಿಯನ್ನು ಆರು ಜನ ‘ಪರವಾಗಿಲ್ಲ’ ಎಂದರು, ಒಬ್ಬರು ‘ಅಷ್ಟಕ್ಕಷ್ಟೆ’ ಎಂದರು. ಅಧಿಕಾರಿಯ ಅಂಕ ಹಾಕಿದರೆ ಕಂದಕಕ್ಕೆ ಮೂರು ಹತ್ತು ಮೂವತ್ತು, ನಾಲ್ಕು ನಾಲ್ಕಲಿ ಹದಿನಾರು, ಒಟ್ಟು 46. ಬೇಲಿಗೆ ಆರು ಆರಲಿ ಮೂವತ್ತಾರು, ಮೇಲೆ ನಾಲ್ಕು, ಒಟ್ಟು 40. ಕಂದಕ ಗೆದ್ದಿತು.

ಈಗ ಬೇರೊಬ್ಬ ಅಧಿಕಾರಿ ಬಂದರು ಎನ್ನಿ. ಇವರು ಈ ಸೀಮೆಯಲ್ಲೇ ಹುಟ್ಟಿದವರು. ಇಲ್ಲಿಯವರು ‘ಅಷ್ಟಕ್ಕಷ್ಟೆ’ ಎಂದರೆ ಮರ್ಯಾದೆಯಿಂದ ಬೇಡ ಎಂದಂತೆ, ‘ಪರವಾಗಿಲ್ಲ’ ಎಂದರೆ ಒಪ್ಪಿದ ಹಾಗೆಯೇ ಎಂದು ಅವರ ಕಿವಿಗೆ ಗೊತ್ತು. ಅವರು 2, 3, 7, 8, 10 ಎಂದು ಅಂಕ ಕೊಟ್ಟರು. ಮಾತುಗಳ ಮೇಲು ಕೀಳು ಬದಲಾಗಿಲ್ಲ, ಏಳು ಜನ ಹೇಳಿದ್ದೂ ಬದಲಾಗಿಲ್ಲ. ಕಂದಕಕ್ಕೆ ಮೂವತ್ತು, ಮೇಲೆ ಹನ್ನೆರಡು, 42. ಬೇಲಿಗೆ ನಲವತ್ತೆರಡು, ಮೇಲೆ ಮೂರು, 45. ಬೇಲಿ ಗೆದ್ದಿತು. ಊರಿನ ಯಾರೊಬ್ಬರೂ ಮನಸ್ಸು ಬದಲಾಯಿಸದೆ ಲಕ್ಷಾಂತರ ರೂಪಾಯಿ ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಯಿತು.

ಮಾತಿನ ಈ ಸಡಿಲನ್ನು ಗಣಿತದೊಳಗೆ ಮೊದಲು ಗಂಭೀರವಾಗಿ ತಂದವರು ಲೋಟ್ಫಿ ಜಾದೆ. ಬಾಕುವಿನಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದವರು. 1965ರಲ್ಲಿ ಅವರು ಬರೆದ ಪ್ರಬಂಧ ಫಜ್ಜಿ ಸೆಟ್ ಎಂಬ ಹೆಸರಲ್ಲಿ ಪ್ರಸಿದ್ಧ. ನಾವು ಮಸುಕು ಗಣ ಎನ್ನೋಣ. ಒಂದು ವಸ್ತು ಗಣದ ಒಳಗೋ ಹೊರಗೋ ಎಂದು ಕತ್ತರಿಸದೆ, ಎಷ್ಟರ ಮಟ್ಟಿಗೆ ಒಳಗೆ ಎಂದು ಕೇಳುವುದು ಅದರ ಹೂರಣ. 1970ರಲ್ಲಿ ರಿಚರ್ಡ್ ಬೆಲ್‌ಮನ್ ಜತೆ ಸೇರಿ ಜಾದೆ ಅದನ್ನು ತೀರ್ಮಾನ ತೆಗೆದುಕೊಳ್ಳುವ ಕೆಲಸಕ್ಕೆ ಹೊಂದಿಸಿದರು. 1975ರಲ್ಲಿ ಮಾತನ್ನೇ ಬೆಲೆಯಾಗಿ ಉಳ್ಳ ಚರಾಕ್ಷರಗಳ ಬಗ್ಗೆ ಬರೆದರು. ಆ ದಾರಿಯಲ್ಲಿ ‘ಪರವಾಗಿಲ್ಲ’ ಎಂಬುದು 6 ಎಂಬ ಒಂಟಿ ಚುಕ್ಕೆಯಾಗಿ ಉಳಿಯುವುದಿಲ್ಲ. ನಾಲ್ಕರಲ್ಲಿ ಏರಲು ಶುರುವಾಗಿ, ಆರರಲ್ಲಿ ನೆತ್ತಿ ಮುಟ್ಟಿ, ಎಂಟರಲ್ಲಿ ಇಳಿದು ಮುಗಿಯುವ ಗುಡ್ಡವಾಗುತ್ತದೆ. ಪಕ್ಕದ ‘ಚೆನ್ನಾಗದ’ ಗುಡ್ಡದ ತಪ್ಪಲು ಇದರ ತಪ್ಪಲ ಮೇಲೆ ಬಂದು ಕೂರುತ್ತದೆ. ಐದರಲ್ಲಿರುವವರು ಅರ್ಧ ‘ಅಷ್ಟಕ್ಕಷ್ಟೆ’, ಅರ್ಧ ‘ಪರವಾಗಿಲ್ಲ’.

ಎಲ್ಲರ ಗುಡ್ಡಗಳನ್ನು ಕೂಡಿಸಿ ಸರಾಸರಿ ತೆಗೆದರೆ ಒಂದೊಂದು ಆಯ್ಕೆಗೂ ಒಂದೊಂದು ಗುಡ್ಡ ಸಿಗುತ್ತದೆ. ಆಗ ಹೊಸ ತೊಡಕು ಬರುತ್ತದೆ. ಎರಡು ಅಂಕೆಗಳಲ್ಲಿ ದೊಡ್ಡದು ಯಾವುದು ಎಂದು ಮಗುವೂ ಹೇಳುತ್ತದೆ. ಒಂದರ ಮೇಲೊಂದು ಹರಡಿಕೊಂಡ ಎರಡು ಗುಡ್ಡಗಳಲ್ಲಿ ದೊಡ್ಡದು ಯಾವುದು? ಈ ಪ್ರಶ್ನೆಯನ್ನು ಮೊದಲಿಗೆ ಕೈಗೆತ್ತಿಕೊಂಡವರಲ್ಲಿ ನಮ್ಮ ದೇಶದ ರಮೇಶ್ ಜೈನ್ ಒಬ್ಬರು, 1976ರಲ್ಲಿ. ಆಮೇಲೆ ಬಂದ ವಿಧಾನಗಳಿಗೆ ಲೆಕ್ಕವಿಲ್ಲ. ಗುಡ್ಡದ ತೂಕದ ನಡುವನ್ನು ನೋಡುವುದು, ನೆತ್ತಿಯನ್ನು ನೋಡುವುದು, ಎಡದ ಇಳಿಜಾರು ಬಲದ ಇಳಿಜಾರನ್ನು ಹೋಲಿಸುವುದು. ಒಂದು ವಿಧಾನ ಮೇಲಿಟ್ಟದ್ದನ್ನು ಇನ್ನೊಂದು ಕೆಳಗಿಡುವುದೂ ಉಂಟು. ಹೊಸ ವಿಧಾನ ತಂದವರು ಹಳೆಯದು ಎಡವಿದ ಉದಾಹರಣೆ ಕೊಡುತ್ತಾರೆ, ಮುಂದೆ ಬರುವವರು ಇವರದು ಎಡವುವ ಉದಾಹರಣೆ ಹುಡುಕುತ್ತಾರೆ. ಈ ಕಸುಬು ಸುಮಾರು ಐವತ್ತು ವರ್ಷದಿಂದ ಸಲೀಸಾಗಿ ನಡೆದಿದೆ.

ನಿಜವಾಗಿ ಕೆಲಸಕ್ಕೆ ಬರುವ ಎರಡು ವಿಚಾರಗಳು ಸ್ಪೇನಿನಿಂದ ಬಂದವು. ಜನ ಬರೀ ‘ಚೆನ್ನಾಗದ’ ಎಂದು ನಿಲ್ಲಿಸುವುದಿಲ್ಲ, ‘ಚೆನ್ನಾಗದ, ವಸಿ ಕಮ್ಮಿ’ ಎನ್ನುತ್ತಾರೆ. ಮಾತನ್ನೂ ಅದರಿಂದ ಸರಿದ ಅಷ್ಟಿಷ್ಟನ್ನೂ ಜೋಡಿಯಾಗಿ ಇಟ್ಟುಕೊಂಡು ಲೆಕ್ಕ ಹಾಕುವ ಬಗೆಯನ್ನು 2000ದಲ್ಲಿ ಫ್ರಾನ್ಸಿಸ್ಕೊ ಹೆರೆರಾ ಮತ್ತು ಲೂಯಿಸ್ ಮಾರ್ಟಿನೆಜ್ ಕೊಟ್ಟರು. ಇನ್ನು ಕೆಲವರು ‘ಪರವಾಗಿಲ್ಲ, ಇಲ್ಲ ಚೆನ್ನಾಗೇ ಅದ ಅನ್ನಿ’ ಎಂದು ಎರಡು ಮಾತಿನ ನಡುವೆ ತೂಗುತ್ತಾರೆ. 2012ರಲ್ಲಿ ರೋಸಾ ರೋಡ್ರಿಗೆಜ್ ಇವರಿಬ್ಬರ ಜತೆ ಸೇರಿ ಆ ಹಿಂಜರಿಕೆಯನ್ನು ಹಾಗೆಯೇ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿ ತೋರಿಸಿದರು. ಸರ್ವೇ ಮಾಡುವ ಹುಡುಗ ‘ಯಾವುದಾದರೂ ಒಂದು ಹೇಳಿ ಯಜಮಾನರೇ’ ಎಂದು ಗದರಬೇಕಾಗಿಲ್ಲ. ಇದು ನನಗೆ ಇಷ್ಟ. ಹಿಂಜರಿಕೆಯಲ್ಲಿ ತಿಳಿವಳಿಕೆ ಇರುತ್ತದೆ. ಸೋಲಾರ್ ಬೇಲಿ ಬೇಸಗೆಯಲ್ಲಿ ಚೆನ್ನಾಗಿದ್ದು ಮಳೆಗಾಲದಲ್ಲಿ ಕೈಕೊಟ್ಟದ್ದನ್ನು ಕಂಡವರು ಎರಡು ಮಾತು ಆಡದೆ ಇನ್ನೇನು ಮಾಡಬೇಕು?

ಅಂತರ ಇಟ್ಟವರು ಯಾರು ಎಂಬ ಪ್ರಶ್ನೆಗೆ ಮಾತ್ರ ಗುಡ್ಡಗಳಿಂದಲೂ ಉತ್ತರ ಸಿಗುವುದಿಲ್ಲ. ಒಂದು ಚುಕ್ಕೆಯ ಬದಲು ಮೂರು ಚುಕ್ಕೆಗಳನ್ನು ಮೇಜಿನ ಹಿಂದಿನವರು ಇಡುತ್ತಾರೆ ಅಷ್ಟೆ. ಮಾತಿಗೆ ಅಂಕೆಯನ್ನು ಗೊತ್ತುಮಾಡಿಬಿಟ್ಟರೆ ಹೇಗೆ ಎಂದು ದೊಡ್ಡ ದೊಡ್ಡವರೇ ಯತ್ನಿಸಿದ್ದಾರೆ. 1951ರಲ್ಲಿ ಅಮೆರಿಕದ ಬೇಹುಗಾರಿಕೆ ವರದಿಯೊಂದು, ಯುಗೊಸ್ಲಾವಿಯದ ಮೇಲೆ ದಾಳಿ ನಡೆಯುವ ಗಂಭೀರ ಸಾಧ್ಯತೆ ಇದೆ ಎಂದು ಬರೆಯಿತು. ವರದಿ ತಯಾರಿಸಿದವರಲ್ಲಿ ಒಬ್ಬರಾದ ಶರ್ಮನ್ ಕೆಂಟ್ ಆಮೇಲೆ ಸಹೋದ್ಯೋಗಿಗಳನ್ನು ಕೇಳಿದರು, ನಿಮ್ಮ ಮನಸ್ಸಿನಲ್ಲಿ ಇದ್ದದ್ದು ನೂರಕ್ಕೆ ಎಷ್ಟು ಎಂದು. ಒಬ್ಬರದು 20, ಇನ್ನೊಬ್ಬರದು 80, ಉಳಿದವರು ನಡುವೆ ಹರಡಿಕೊಂಡಿದ್ದರು. ಎಲ್ಲರೂ ಒಂದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದರು! ಹವಾಮಾನ ಬದಲಾವಣೆಯ ವಿಶ್ವಸಂಸ್ಥೆ ಸಮಿತಿ ತನ್ನ ವರದಿಗಳಲ್ಲಿ ಪಟ್ಟಿಯನ್ನೇ ಕೊಟ್ಟಿದೆ. ‘ಸಂಭವ’ ಎಂದರೆ ನೂರಕ್ಕೆ 66ಕ್ಕೆ ಮೇಲೆ, ‘ಬಹಳ ಸಂಭವ’ ಎಂದರೆ 90ಕ್ಕೆ ಮೇಲೆ. ಆದರೂ ಆ ವರದಿಯ ವಾಕ್ಯಗಳನ್ನು ಓದಿಸಿ ಪರೀಕ್ಷಿಸಿದಾಗ ಜನ ತಮ್ಮದೇ ಅಂಕೆಯನ್ನು ಹಿಡಿದುಕೊಂಡಿದ್ದರು. ವಿಜ್ಞಾನಿಗಳ ವರದಿಯ ಕತೆಯೇ ಹೀಗಾದರೆ ತಾಳಮಲೆಯ ಜಗಲಿಯ ಮೇಲೆ ಅಂಕೆಪಟ್ಟಿ ಹಂಚಿ ಫಲವೇನು?

ಅಂತರವನ್ನೇ ಕೇಳದ ದಾರಿಯೊಂದಿದೆ. ಮೇಲಿನ ಮಾತಿನಿಂದ ಕೆಳಗಿನ ಮಾತಿನವರೆಗೆ ಏಳು ಜನರನ್ನು ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತ ನಾಲ್ಕನೆಯವರ ಮಾತನ್ನು ಸಭೆಯ ಮಾತು ಎಂದು ತೆಗೆದುಕೊಳ್ಳುವುದು. ನಮ್ಮ ಊಹೆಯ ಸಭೆಯಲ್ಲಿ ಕಂದಕದ ನಾಲ್ಕನೆಯ ಮಾತು ‘ಅಷ್ಟಕ್ಕಷ್ಟೆ’, ಬೇಲಿಯದು ‘ಪರವಾಗಿಲ್ಲ’. ಬೇಲಿ ಮೇಲೆ ನಿಲ್ಲುತ್ತದೆ. 2, 4, 6 ಎಂದಾದರೂ ಹಾಕಿ, 2, 3, 7 ಎಂದಾದರೂ ಹಾಕಿ, ಅದು ಕದಲುವುದಿಲ್ಲ. ನಡುವಿನವರ ಮಾತಿಗೆ ಇನ್ನೊಂದು ಗುಣವೂ ಇದೆ. ಒಬ್ಬರು ಬೇಕೆಂದೇ ಆಕಾಶಕ್ಕೇರಿಸಿ ಹೇಳಿದರೂ ಪಾತಾಳಕ್ಕಿಳಿಸಿ ಹೇಳಿದರೂ ಅದು ಬೇಗ ಅಲ್ಲಾಡುವುದಿಲ್ಲ. ಫ್ರಾನ್ಸಿಸ್ ಗಾಲ್ಟನ್ 1907ರಲ್ಲೇ ಇದನ್ನು ಎತ್ತಿ ಹಿಡಿದಿದ್ದ. ಇಂಗ್ಲೆಂಡಿನ ಪ್ಲಿಮತ್‌ನ ದನದ ಪ್ರದರ್ಶನದಲ್ಲಿ ಒಂದು ಎತ್ತನ್ನು ತೋರಿಸಿ, ಕೊಯ್ದ ಮೇಲೆ ಮಾಂಸ ಎಷ್ಟು ತೂಗೀತು ಎಂದು ಪಂದ್ಯ ಕಟ್ಟಿದ್ದರು. ಲೆಕ್ಕಕ್ಕೆ ಸಿಕ್ಕಿದ 787 ಚೀಟಿಗಳಲ್ಲಿ ನಟ್ಟನಡುವಿನ ಊಹೆ 1,207 ಪೌಂಡು, ನಿಜವಾದ ತೂಕ 1,198.

ಫ್ರಾನ್ಸಿನ ಮಿಶೆಲ್ ಬಾಲಿನ್‌ಸ್ಕಿ ಮತ್ತು ರಿದಾ ಲರಾಕಿ ಇದನ್ನೇ ಚುನಾವಣೆಗೆ ತಂದರು. ಒಬ್ಬರಿಗೆ ಮತ ಹಾಕುವ ಬದಲು ಎಲ್ಲ ಅಭ್ಯರ್ಥಿಗಳಿಗೂ ಮಾತಿನಲ್ಲೇ ದರ್ಜೆ ಕೊಡುವುದು, ನಡುವಿನ ದರ್ಜೆ ನೋಡಿ ಸಾಲು ಮಾಡುವುದು, ಸಮ ಬಂದರೆ ಅದಕ್ಕಿಂತ ಮೇಲೆ ಎಷ್ಟು ಜನ ಕೆಳಗೆ ಎಷ್ಟು ಜನ ಎಂದು ನೋಡುವುದು. 2022ರ ಜನವರಿಯಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಗೆ ಎಡಪಂಥೀಯರ ಅಭ್ಯರ್ಥಿಯನ್ನು ಆರಿಸಲು ನಡೆದ ಜನರ ಆಯ್ಕೆಯಲ್ಲಿ ಸುಮಾರು 4 ಲಕ್ಷ ಮಂದಿ ಹೀಗೆ ದರ್ಜೆ ಕೊಟ್ಟು ಕ್ರಿಸ್ಟಿಯಾನ್ ತೊಬಿರಾ ಅವರನ್ನು ಮೊದಲು ನಿಲ್ಲಿಸಿದರು. ಪಟ್ಟಿಯಲ್ಲಿದ್ದ ಮುಖ್ಯ ನಾಯಕರು ಈ ಆಯ್ಕೆಯೇ ನಮಗೆ ಬೇಡ ಎಂದಿದ್ದರು. ತೊಬಿರಾ ಕೂಡ ಕಣಕ್ಕಿಳಿಯಲು ಬೇಕಾದ 500 ಚುನಾಯಿತರ ಸಹಿ ದೊರೆಯದೆ ಹಿಂದೆ ಸರಿದರು. ಲೆಕ್ಕದ ಕ್ರಮ ಚೆನ್ನಾಗಿತ್ತು, ರಾಜಕೀಯ ಅದರ ಮಾತು ಕೇಳಲಿಲ್ಲ.

ಹಾಗಾದರೆ ನಡುವಿನವರನ್ನು ಹಿಡಿದರೆ ಸಾಕೆ? ನಮ್ಮ ಏಳು ಮನೆಗಳಿಗೆ ಮತ್ತೆ ಹೋಗೋಣ. ಕಂದಕವನ್ನು ‘ಬಾಳ ಚೆನ್ನಾಗದ’ ಎಂದ ಆ ಮೂವರು ಯಾರು? ಕಾಡಂಚಿನಲ್ಲಿ ಹೊಲ ಇರುವವರು ಎಂದಿಟ್ಟುಕೊಳ್ಳಿ. ಆನೆ ಮೊದಲು ಕಾಲಿಡುವುದು ಅವರ ಬಾಳೆತೋಟಕ್ಕೆ. ‘ಅಷ್ಟಕ್ಕಷ್ಟೆ’ ಎಂದ ನಾಲ್ವರು ಊರ ನಡುವಿನವರು, ಅಥವಾ ದನ ಆಡು ಕಾಡಿಗೆ ಹೊಡೆಯುವವರು, ಇಲ್ಲವೆ ಕಿರು ಅರಣ್ಯ ಉತ್ಪನ್ನಕ್ಕೆ ಕಾಡಿಗೆ ಹೋಗಿಬರುವ ಹಾಡಿಯವರು. ಕಂದಕ ಆನೆಯನ್ನು ತಡೆಯುವಂತೆ ಇವರ ದಾರಿಯನ್ನೂ ಕತ್ತರಿಸುತ್ತದೆ. 46 ಎಂಬ ಅಂಕೆಯೂ ಇದನ್ನು ಮುಚ್ಚಿಡುತ್ತದೆ, ‘ಅಷ್ಟಕ್ಕಷ್ಟೆ’ ಎಂಬ ನಡುವಿನ ಮಾತೂ ಮುಚ್ಚಿಡುತ್ತದೆ. ಸಭೆ ಎರಡಾಗಿ ಒಡೆದಿದೆ ಎಂಬುದೇ ಇಲ್ಲಿ ದೊಡ್ಡ ಸುದ್ದಿ. ಸೋಲಾರ್ ಬೇಲಿಯ ವಿಷಯದಲ್ಲಿ ಅಂಥ ಒಡಕಿಲ್ಲ, ಹೆಚ್ಚುಕಮ್ಮಿ ಎಲ್ಲರದೂ ಅರೆಮನಸ್ಸಿನ ಒಪ್ಪಿಗೆ. ಇವೆರಡನ್ನೂ ಪಕ್ಕಪಕ್ಕ ಬರೆದು ಸಭೆಯ ಮುಂದಿಟ್ಟರೆ, ಕಾಡಂಚಿನ ಇಂತಿಷ್ಟು ದೂರ ಕಂದಕ, ಹಾಡಿಯ ದಾರಿ ಬರುವ ಕಡೆ ಬಾಗಿಲಿರುವ ಬೇಲಿ ಎಂಬ ಮೂರನೆಯ ಆಯ್ಕೆ ಅಲ್ಲೇ ಹುಟ್ಟಬಹುದು. ಪಠ್ಯಪುಸ್ತಕದ ಲೆಕ್ಕದಲ್ಲಿ ಆಯ್ಕೆಗಳು ಮೊದಲೇ ಅಚ್ಚಾಗಿರುತ್ತವೆ. ಊರಿನ ಸಭೆ ಅವನ್ನು ಕೂತಲ್ಲೇ ತಿದ್ದುತ್ತದೆ.

ಆಯ್ಕೆಯ ಪಟ್ಟಿ ಮಾಡುವವರ ಕೈಯಲ್ಲಿ ಇನ್ನೊಂದು ಅಧಿಕಾರವೂ ಇದೆ. 1981ರಲ್ಲಿ ಹ್ವಾಂಗ್ ಮತ್ತು ಯೂನ್ ಎಂಬವರು ಕೊಟ್ಟ ಟಾಪ್ಸಿಸ್ ಎಂಬ ವಿಧಾನ ಇವತ್ತಿಗೂ ಬಲು ಜನಪ್ರಿಯ. ಮಾತಿನ ಗುಡ್ಡಗಳಿಗೂ ಅದನ್ನು ಹೊಂದಿಸಿದ್ದಾರೆ. ಎಲ್ಲ ಆಯ್ಕೆಗಳ ಒಳ್ಳೆಯ ಗುಣಗಳನ್ನು ಒಟ್ಟುಮಾಡಿ ಇಲ್ಲದ ಬೇಲಿಯೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ರೈಲು ಕಂಬಿಯ ಗಟ್ಟಿತನ, ಸೋಲಾರ್ ಬೇಲಿಯ ಬೆಲೆ. ಹಾಗೆಯೇ ಕೆಟ್ಟ ಗುಣಗಳನ್ನೆಲ್ಲ ಹೊತ್ತ ಇನ್ನೊಂದು. ಮೊದಲನೆಯದಕ್ಕೆ ಹತ್ತಿರ, ಎರಡನೆಯದಕ್ಕೆ ದೂರ ಇರುವುದು ಗೆಲ್ಲುತ್ತದೆ. ಜಾಣ ಉಪಾಯ. ಆದರೆ ಯಾರೂ ದುಡ್ಡು ಕೊಡದ ರೈಲು ಕಂಬಿಯನ್ನು ಪಟ್ಟಿಗೆ ಸೇರಿಸಿದರೆ ಅಥವಾ ತೆಗೆದರೆ, ಅದು ತಾನು ಗೆಲ್ಲದಿದ್ದರೂ ಕಂದಕ ಮತ್ತು ಸೋಲಾರ್ ಬೇಲಿಯ ನಡುವಿನ ಮೇಲು ಕೀಳನ್ನು ತಿರುವುಮುರುವು ಮಾಡಬಲ್ಲದು. ಇದನ್ನು ಬಲ್ಲ ಅಧಿಕಾರಿ ಸಭೆಯಲ್ಲಿ ಬಾಯಿಯನ್ನೇ ತೆರೆಯಬೇಕಾಗಿಲ್ಲ.

ಅಂಕೆಯನ್ನು ಪೂರ್ತಿ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಅಂತರವನ್ನು ಊರಿನವರೇ ಇಡಲಿ ಎನ್ನುತ್ತಿದ್ದೇನೆ. ಇದಕ್ಕೆ ನಮ್ಮ ಕಡೆಯದೇ ಅನುಭವ ಇದೆ. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆ ಆಮೇಲೆ ಹಳ್ಳಿಗಳ ಕೆಲಸಕ್ಕೆ ತಿರುಗಿತು. ತಾಳವಾಡಿ ಸೀಮೆಯಲ್ಲೂ ಅದು ಕೆಲಸ ಮಾಡಿದೆ, ಗೋಬಿಚೆಟ್ಟಿಪಾಳ್ಯದಲ್ಲಿ ಅದರ ಕೃಷಿ ವಿಜ್ಞಾನ ಕೇಂದ್ರವೂ ಇದೆ. 1980ರ ದಶಕದ ಕೊನೆಗೆ ಹಳ್ಳಿಗರೇ ತಮ್ಮ ಊರನ್ನು ಅಳೆದು ತೂಗುವ ವಿಧಾನಗಳನ್ನು ಬೆಳೆಸಿದವರಲ್ಲಿ ಮೈರಾಡದವರು ಮುಂದಿದ್ದರು. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಅದನ್ನು ಲೋಕಕ್ಕೆಲ್ಲ ಪರಿಚಯಿಸಿದರು. ನೆಲದ ಮೇಲೆ ಗೆರೆ ಎಳೆದು ಚೌಕದ ಮನೆಗಳನ್ನು ಮಾಡಿಕೊಳ್ಳುವುದು, ಅಡ್ಡಸಾಲಿಗೆ ಆಯ್ಕೆ, ಉದ್ದಸಾಲಿಗೆ ಗುಣ, ಒಂದೊಂದು ಮನೆಗೆ ಬೀಜ ಇಡುತ್ತ ಹೋಗುವುದು. ‘ಪರವಾಗಿಲ್ಲ’ ಎಂದವರು ಎಷ್ಟು ಹುಣಸೆ ಬೀಜ ಇಡುತ್ತಾರೆ ಎಂಬುದು ಅವರಿಗೇ ಬಿಟ್ಟದ್ದು. ಒಬ್ಬರು ಇಟ್ಟದ್ದನ್ನು ನೋಡಿ ಇನ್ನೊಬ್ಬರು ‘ಅಷ್ಟ್ಯಾಕೆ ಇಟ್ಟೆಯವ್ವಾ?’ ಎಂದು ಕೇಳಿದಾಗ ನಿಜವಾದ ಚರ್ಚೆ ಶುರುವಾಗುತ್ತದೆ, ಬೀಜ ಆಚೀಚೆ ಸರಿಯುತ್ತದೆ. ಹೆಂಗಸರದೂ ಗಂಡಸರದೂ ಬೇರೆ ಬೇರೆ ಚೌಕ ಹಾಕಿಸಿದರೆ ಸಾಲುಗಳು ಎಷ್ಟು ಬೇರೆಯಾಗುತ್ತವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಬೀಜದ ಆಟಕ್ಕೂ ದೋಷ ಇದೆ. ಊರ ಯಜಮಾನರು ಮೊದಲು ಕೂತು ಕಂದಕದ ಮನೆಗೆ ಹಿಡಿ ತುಂಬ ಬೀಜ ಸುರಿದರೆ ಮಿಕ್ಕವರ ಕೈ ತಾನೇ ಅದರ ಹಿಂದೆ ಹೋಗುತ್ತದೆ. ಅಮೆರಿಕದ ರ್‍ಯಾಂಡ್ ಸಂಸ್ಥೆಯವರು 1950ರ ದಶಕದಲ್ಲಿ ಡೆಲ್ಫಿ ಎಂಬ ಕ್ರಮ ಕಟ್ಟಿದ್ದು ಇದನ್ನು ತಪ್ಪಿಸಲಿಕ್ಕೇ. ಪರಿಣತರ ಅಭಿಪ್ರಾಯವನ್ನು ಹೆಸರಿಲ್ಲದೆ ಬರೆಸಿಕೊಂಡು, ಒಟ್ಟು ಏನು ಬಂತು ಎಂದು ತೋರಿಸಿ, ಮತ್ತೊಮ್ಮೆ ಬರೆಸುತ್ತಿದ್ದರು. ನಮ್ಮಲ್ಲಿ ಮುಚ್ಚಿದ ಮಡಕೆಯೊಳಗೆ ಬೀಜ ಹಾಕಿಸಿದರೂ ನಡೆದೀತು. ಮೊದಲ ಸುತ್ತು ಮಡಕೆಯಲ್ಲಿ, ಎರಡನೆಯದು ನೆಲದ ಮೇಲೆ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಯಾರ ಮಾತಿಗೆ ಯಾರು ತಲೆಯಾಡಿಸುತ್ತಾರೆ ಎಂಬುದೂ ತಿಳಿದುಹೋಗುತ್ತದೆ. ಬಹುಶಃ ಇದೇ ಕಾರಣಕ್ಕೆ ಈ ಕ್ರಮ ಯಾರಿಗೂ ಇಷ್ಟವಾಗಲಿಕ್ಕಿಲ್ಲ.

ದರ್ಜೆಗಳನ್ನೇ ಬಿಟ್ಟು ಹೌದು ಇಲ್ಲ ಎಂಬ ಎರಡೇ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದನ್ನು ದಿಂಬಂ ಘಾಟಿಯಲ್ಲಿ ಕಂಡಿದ್ದೇವೆ. 2022ರ ಫೆಬ್ರುವರಿ 10ರಿಂದ ಮದರಾಸು ಹೈಕೋರ್ಟಿನ ಆದೇಶದಂತೆ ಬಣ್ಣಾರಿ ಮತ್ತು ಕಾರಪಳ್ಳದ ನಡುವೆ ರಾತ್ರಿ ಸಂಚಾರಕ್ಕೆ ನಿಷೇಧ ಬಿತ್ತು. ರಸ್ತೆ ದಾಟುವ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು, ಕಾರಣ ಸರಿಯಾದದ್ದೇ. ತರಕಾರಿ ಕೆಳಗಿಳಿಸುವ ರೈತರಿಗೆ, ರಾತ್ರಿ ಆಸ್ಪತ್ರೆಗೆ ಓಡಬೇಕಾದವರಿಗೆ ಅದು ದೊಡ್ಡ ಹೊಡೆತವಾಗಿ, ತಾಳವಾಡಿ ಬೀದಿಗಿಳಿಯಿತು. ನಿಷೇಧ ಬೇಕೋ ಬೇಡವೋ ಎಂಬಲ್ಲಿ ಮಾತು ನಿಂತಿದ್ದಷ್ಟು ಹೊತ್ತು ಎರಡು ಕಡೆಯವರೂ ಒಬ್ಬರನ್ನೊಬ್ಬರು ಶತ್ರುಗಳ ಹಾಗೆ ನೋಡಿದರು. ಯಾವ ವಾಹನ, ಯಾವ ಹೊತ್ತು ಎಂದು ಬಿಡಿಸಿ ನೋಡಿದ ಮೇಲೆ ನ್ಯಾಯಾಲಯ ಆದೇಶವನ್ನು ಸಡಿಲಿಸಿತು. ಹನ್ನೆರಡು ಚಕ್ರದ ಲಾರಿಗೂ ಹಾಲಿನ ಗಾಡಿಗೂ ಒಂದೇ ಉತ್ತರ ಇರಲಾರದು ಎಂದು ಘಾಟಿಯ ಮೇಲಿನ ಯಾರನ್ನು ಕೇಳಿದ್ದರೂ ಮೊದಲ ದಿನವೇ ಹೇಳುತ್ತಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ, ಮಾತಿನ ದರ್ಜೆಗಳನ್ನು ಯಾವ ವಿಧಾನದಲ್ಲೂ ಕೂಡಿಸಬಾರದ ಜಾಗವೊಂದನ್ನು ಹೇಳಿ ಮುಗಿಸುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಕಾಡಿನೂರುಗಳ ಗ್ರಾಮಸಭೆಗೆ ದೊಡ್ಡ ಬಲ ಕೊಟ್ಟಿದೆ. ವನ್ಯಜೀವಿಗಳಿಗಾಗಿ ಜನರನ್ನು ಬೇರೆಡೆಗೆ ಸಾಗಿಸುವ ಮಾತು ಬಂದರೆ, ಪುನರ್ವಸತಿ ಏನು ಎತ್ತ ಎಂಬುದನ್ನು ತಿಳಿಸಿದ ಮೇಲೆ ಗ್ರಾಮಸಭೆ ತಾನಾಗಿ ಕೊಟ್ಟ ಒಪ್ಪಿಗೆ ಲಿಖಿತದಲ್ಲಿ ಇರಬೇಕು. 2012ರಲ್ಲಿ ತಿದ್ದಿದ ನಿಯಮದಂತೆ ಸಭೆಗೆ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು. ಹಾಡಿಯ ಅಜ್ಜಿಯೊಬ್ಬರು ‘ಏನೋ ಪರವಾಗಿಲ್ಲ ಬುಡಪ್ಪ’ ಎಂದು ಎದ್ದುಹೋದರೆ, ಆ ಮಾತಿಗೆ ಆರು ಅಂಕ ಕೊಟ್ಟು ಒಪ್ಪಿದವರ ಸಾಲಿಗೆ ಸೇರಿಸಲು ಆ ಕಾಯ್ದೆಯಲ್ಲಿ ಜಾಗವಿಲ್ಲ. ಹಿಂದೆ ಹೋಗಿ, ಅವರ ಜಗಲಿಯಲ್ಲಿ ಕೂತು, ‘ಯಾಕಜ್ಜಿ ಹಂಗಂದೆ?’ ಎಂದು ಕೇಳಬೇಕು.